ಎಚ್‌ಐವಿ ಇರುವ ತಾಯಿಯ 10 ವಾರದ ಕೂಸು, ತೂಕ ಏರುತ್ತಿಲ್ಲ: ಎದೆಹಾಲು ಮುಂದುವರಿಸೋದಾ, ಪುಡಿ ಹಾಲಿಗೆ ಹೋಗೋದಾ?

ಜಗಳೂರು_ಆಶಾ

ಎಲ್ಲರಿಗೂ ನಮಸ್ಕಾರ. ನಾನು ಆಶಾ ಫೆಸಿಲಿಟೇಟರ್. ಒಂದು ಕೂಸಿನ ವಿಷಯ ಕೇಳಬೇಕಿತ್ತು, ಊರು ಹೆಸರು ಬರೆಯಲ್ಲ.

ತಾಯಿಗೆ ಎಚ್‌ಐವಿ ಇದೆ. ಮೂರು ವರ್ಷದಿಂದ ಎಆರ್‌ಟಿ (ಎಚ್‌ಐವಿ ಅಡಗಿಸೋ ಔಷಧಿ) ಮಾತ್ರೆ ತಗೊಳ್ತಿದ್ದಾರೆ, ಈಗ ಮೂರು ಔಷಧಿ ಸೇರಿದ ಟಿಎಲ್‌ಡಿ ಮಾತ್ರೆ. ಬಸಿರಿನ 34ನೇ ವಾರದ ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನೋ) ಪರೀಕ್ಷೆಯಲ್ಲಿ ವೈರಸ್ ಪತ್ತೆಯಾಗಿಲ್ಲ ಅಂತ ಬಂದಿತ್ತು. ಹೆಣ್ಣುಕೂಸು, ದಿನ ತುಂಬಿ ಹುಟ್ಟಿದ್ದು, 2.4 ಕೆಜಿ. ಕೂಸಿಗೆ ಸೋಂಕು ತಗುಲದಿರಲಿ ಅಂತ ನೆವಿರಪಿನ್ ಸಿರಪ್ ದಿನಕ್ಕೆ 1 ಎಂಎಲ್‌ನಂತೆ 6 ವಾರ ಕೊಟ್ಟು ನಿಲ್ಲಿಸಿದ್ದಾರೆ. 6ನೇ ವಾರದ ಡಿಬಿಎಸ್ (ಒಣಗಿಸಿದ ರಕ್ತದ ಚುಕ್ಕೆಯಲ್ಲಿ ಮಾಡೋ ಎಚ್‌ಐವಿ ಪರೀಕ್ಷೆ) ನೆಗೆಟಿವ್. ಬೇರೆ ಸೋಂಕು ತಡೆಯೋ ಕೋಟ್ರಿಮಾಕ್ಸಜೋಲ್ ಸಿರಪ್ 2.5 ಎಂಎಲ್ ನಡೀತಿದೆ.

ತೂಕ 6ನೇ ವಾರಕ್ಕೆ 3.4 ಇತ್ತು, ಈಗ 10ನೇ ವಾರಕ್ಕೆ 3.75. ಅತ್ತೆ "ಹಾಲು ಸಾಲ್ತಿಲ್ಲ" ಅಂತ ಹಸುವಿನ ಹಾಲಿಗೆ ಅರ್ಧಕ್ಕರ್ಧ ನೀರು ಬೆರೆಸಿ ರಾತ್ರಿ ಒಳಲೆಯಲ್ಲಿ ಕುಡಿಸ್ತಿದ್ದಾರೆ. ಮಧ್ಯೆ ಗ್ರೈಪ್ ವಾಟರ್. ಬೀದೀಲಿ ಬಂದವರ ಹತ್ರ ಕತ್ತೆ ಹಾಲೂ ಆಗಿದೆ. ಖಾಸಗಿ ಕ್ಲಿನಿಕ್ ಒಂದರಲ್ಲಿ ಎದೆಹಾಲು ಪೂರ್ತಿ ಬಿಡಿಸಿ ಪುಡಿ ಹಾಲು ಹಾಕಿ ಅಂದಿದ್ದಾರಂತೆ.

ತೂಕ ಇಷ್ಟು ಏರಿದ್ರೆ ಸಾಕಾ? ನೆವಿರಪಿನ್ ನಿಂತಮೇಲೆ ಎದೆಹಾಲು ಕುಡಿಯೋ ಕೂಸಿಗೆ ರಕ್ಷಣೆ ಏನು? ತೋಳಿನ ಸುತ್ತಳತೆ ಪಟ್ಟಿ ಹಾಕಿ ನೋಡಿದೆ, ಕೆಂಪು ಬಂತು, ಎನ್‌ಆರ್‌ಸಿಗೆ (ಅಪೌಷ್ಟಿಕ ಮಕ್ಕಳ ಪುನಶ್ಚೇತನ ಕೇಂದ್ರಕ್ಕೆ) ಕಳಿಸಲಾ? ಗಂಡನಿಗೆ ಮಾತ್ರ ವಿಷಯ ಗೊತ್ತು, ಅತ್ತೆಗೆ ಗೊತ್ತಿಲ್ಲ.

ದಾವಣಗೆರೆ_ಮಕ್ಕಳ_ಡಾಕ್ಟರ್

ತೋಳಿನ ಪಟ್ಟಿಯನ್ನ ಪಕ್ಕಕ್ಕಿಡಿ. 11.5 ಸೆಂಮೀ ಕೆಂಪು ಅನ್ನೋ ಅಳತೆ 6 ತಿಂಗಳು ತುಂಬಿದ ಮಕ್ಕಳಿಗೆ. 10 ವಾರದ ಕೂಸಿನ ತೋಳು ಕೆಂಪಿನಲ್ಲೇ ಬರುತ್ತೆ, ಅದರಿಂದ ಏನೂ ತೀರ್ಮಾನ ಮಾಡೋಕಾಗಲ್ಲ. ತಾಯಿ ಕಾರ್ಡಿನ ತೂಕದ ಗೆರೆ ನೋಡಿ.

ಮೊದಲ 6 ವಾರದಲ್ಲಿ ಒಂದು ಕೆಜಿ ಏರಿದೆ, ಅದು ಚೆನ್ನಾಗಿದೆ. ಆಮೇಲಿನ 28 ದಿನದಲ್ಲಿ 350 ಗ್ರಾಂ, ಅಂದ್ರೆ ದಿನಕ್ಕೆ ಹನ್ನೆರಡೂವರೆ ಗ್ರಾಂ. ಈ ವಯಸ್ಸಿಗೆ 25–30 ಬರಬೇಕು, ಬಂದಿರೋದು ಅರ್ಧ. ಹೆಣ್ಣುಕೂಸಿಗೆ ಮೂರು ತಿಂಗಳಲ್ಲಿ −2 ಗೆರೆ (ಇದರ ಕೆಳಗಿದ್ರೆ ತೂಕ ಕಡಿಮೆ) 4.5 ಕೆಜಿ, −3 ಗೆರೆ (ಇದರ ಕೆಳಗಿದ್ರೆ ತೀರಾ ಕಡಿಮೆ) 4.0. ಇದೇ ವೇಗದಲ್ಲಿ ಹೋದ್ರೆ ಇನ್ನು ಮೂರು ವಾರಕ್ಕೆ ಸರಿಯಾಗಿ −3 ಗೆರೆ ಮೇಲೆ ಬಂದು ಕೂರುತ್ತೆ. ಹಾಗಾಗಿ ಸಾಕಾಗಲ್ಲ, ಈ ವಾರವೇ ಡಾಕ್ಟರ್ ಕೈಗೆ ಕೂಸು ಸಿಗಬೇಕು.

ಅದಕ್ಕೂ ಮುಂಚೆ ಒಂದು ಮಾತು. ಎರಡು ತೂಕವೂ ಒಂದೇ ತಕ್ಕಡಿಯಲ್ಲಿ ತೆಗೆದದ್ದಾ? ಅಂಗನವಾಡಿಯ ನೇತುಹಾಕೋ ಸ್ಪ್ರಿಂಗ್ ತಕ್ಕಡಿಯಲ್ಲಿ ಒಂದು ಗೀಟು ಅಂದ್ರೆ 100 ಗ್ರಾಂ. ಆಸ್ಪತ್ರೆಯ ಡಿಜಿಟಲ್‌ನಲ್ಲಿ 6ನೇ ವಾರ, ಸ್ಪ್ರಿಂಗ್‌ನಲ್ಲಿ 10ನೇ ವಾರ ತೂಗಿದ್ರೆ 200 ಗ್ರಾಂ ಹಾಗೇ ಕಾಣೆಯಾಗಬಹುದು. ಸೊನ್ನೆಗೆ ತಂದು, ಬಟ್ಟೆ ಬಿಚ್ಚಿ, ಒಂದೇ ಡಿಜಿಟಲ್ ತಕ್ಕಡಿಯಲ್ಲಿ ಇವತ್ತು ಒಮ್ಮೆ, ಏಳು ದಿನ ಬಿಟ್ಟು ಒಮ್ಮೆ ತೂಗಿ. ವಾರಕ್ಕೆ 150–200 ಗ್ರಾಂ ಬಂದ್ರೆ ದಾರಿಗೆ ಬಂತು ಅಂತ.

ತೂಕ ನಿಂತದ್ದು ಯಾವಾಗಿಂದ ಅಂತ ಗಮನಿಸಿ: 6ನೇ ವಾರದ ಮೇಲೆ. ಹಸುವಿನ ಹಾಲು ಶುರುವಾದದ್ದು ಯಾವಾಗ ಅಂತ ಅತ್ತೆಯನ್ನ ಕೇಳಿದ್ರೆ ಹೆಚ್ಚುಕಮ್ಮಿ ಅದೇ ಹೊತ್ತು ಸಿಗುತ್ತೆ ಅನ್ನೋದು ನನ್ನ ಅಂದಾಜು. ಅರ್ಧ ನೀರು ಹಾಕಿದ ಹಾಲಲ್ಲಿ ಶಕ್ತಿಯೂ ಅರ್ಧ. ಹೊಟ್ಟೆ ತುಂಬುತ್ತೆ, ಕೂಸು ಮಲಗುತ್ತೆ, ರಾತ್ರಿ ಎದೆ ಹಿಡಿಯಲ್ಲ. ರಾತ್ರಿ ಕುಡಿಯೋದು ತಪ್ಪಿದ್ರೆ ಹಾಲು ಉತ್ಪತ್ತಿಯೇ ಇಳಿಯುತ್ತೆ. ಎರಡು ವಾರ ಕಳೆದ್ರೆ "ಹಾಲು ಸಾಲ್ತಿಲ್ಲ" ಅನ್ನೋದು ನಿಜವೇ ಆಗಿಬಿಡುತ್ತೆ.

ಕತ್ತೆ ಹಾಲಿನಲ್ಲಿ ಕೊಬ್ಬು ಬಲು ಕಡಿಮೆ, ತೂಕಕ್ಕೆ ಉಪಯೋಗವಿಲ್ಲ, ಬೀದಿಯಲ್ಲಿ ಹಸಿಯಾಗಿ ಕರೆದು ಕುಡಿಸೋದರಿಂದ ಭೇದಿ ಬೇರೆ. ಗ್ರೈಪ್ ವಾಟರ್ ಕೂಡ ಬೇಡ.

ನೆವಿರಪಿನ್ ಬಗ್ಗೆ: ತಾಯಿಯ ವೈರಲ್ ಲೋಡ್ 32ನೇ ವಾರದ ಮೇಲೆ 1,000ಕ್ಕಿಂತ ಕಡಿಮೆ ಇದ್ದರೆ ಕೂಸಿಗೆ 6 ವಾರ ಒಂದೇ ಔಷಧಿ ಸಾಕು ಅನ್ನೋದು ನ್ಯಾಕೋ (ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ) ನಿಯಮ. ಅಲ್ಲಿಂದಾಚೆ ಕೂಸನ್ನ ಕಾಯೋದು ತಾಯಿ ನುಂಗೋ ಟಿಎಲ್‌ಡಿ. ರಕ್ತದಲ್ಲಿ ವೈರಸ್ ಅಡಗಿದ್ರೆ ಹಾಲಿನಲ್ಲೂ ಅಡಗಿರುತ್ತೆ. ಲೋಡ್ ಜಾಸ್ತಿ ಇದ್ದು ಎದೆಹಾಲು ಕೊಡೋ ತಾಯಿಯಾದ್ರೆ ಲೆಕ್ಕ ಬೇರೆ: ನೆವಿರಪಿನ್ ಜೊತೆ ಜಿಡೋವುಡಿನ್ ಸೇರಿಸಿ 12 ವಾರ.

ಡೋಸ್ ಸರಿಯಾಗಿದೆ. 2–2.5 ಕೆಜಿಯಲ್ಲಿ ಹುಟ್ಟಿದ್ರೆ 10 ಮಿಗ್ರಾಂ, ಅಂದ್ರೆ 1 ಎಂಎಲ್. 2.5 ದಾಟಿದ್ರೆ 15 ಮಿಗ್ರಾಂ, ಅಂದ್ರೆ 1.5 ಎಂಎಲ್. ಸಿರಪ್ ಎಂಎಲ್‌ಗೆ 10 ಮಿಗ್ರಾಂ ಇರೋದರಿಂದ ಚೀಟಿಯಲ್ಲಿ ಬರೀ "15" ಅಂತ ಬರೆದ್ರೆ ಮನೆಯವರು 15 ಎಂಎಲ್ ಎಳೆದುಬಿಡೋ ಅಪಾಯ ಇದೆ. ಮುಂದಿನ ಕೇಸುಗಳಿಗೆ ಸಿರಿಂಜ್ ಮೇಲೇ ಪೆನ್ನಿನಲ್ಲಿ ಗೆರೆ ಹಾಕಿ ಕೊಡಿ.

ಚಳ್ಳಕೆರೆ_ಲ್ಯಾಬ್

ತಪ್ಪು ತಿಳೀಬೇಡಿ, ಡಾಕ್ಟ್ರೇ. ಶೇಕಡಾ ಒಂದರಷ್ಟು ಸಾಧ್ಯತೆ ಇದ್ರೂ ರಿಸ್ಕ್ ಯಾಕೆ? ಅಮೆರಿಕದಲ್ಲಿ ಪಾಸಿಟಿವ್ ತಾಯಂದಿರಿಗೆ ಎದೆಹಾಲೇ ಬೇಡ ಅಂತಾರೆ. ಕೊಳ್ಳೋ ಶಕ್ತಿ ಇದ್ದವರು ಪುಡಿ ಹಾಲು ಕೊಡಲಿ ಬಿಡಿ.

ದುರ್ಗದ_ಕೌನ್ಸೆಲರ್

ಲ್ಯಾಬ್ ಸರ್, ಅಮೆರಿಕದ ಮಾತು ಹಳೇದಾಯ್ತು. 2023ರ ಜನವರಿಯಲ್ಲಿ ಅಲ್ಲಿನ ಮಾರ್ಗಸೂಚಿಯೇ ಬದಲಾಗಿದೆ. ಮಾತ್ರೆ ತಪ್ಪಿಸದೆ ವೈರಸ್ ಅಡಗಿಸಿಕೊಂಡ ತಾಯಿಗೆ ಎದೆಹಾಲಿನಿಂದ ಹರಡೋ ಸಾಧ್ಯತೆ ಶೇ 1ಕ್ಕಿಂತ ಕಡಿಮೆ ಅಂತ ತಿಳಿಸಿ, ತಾಯಿಯ ಜೊತೆ ಕೂತು ತೀರ್ಮಾನ ಮಾಡಿ ಅಂತಿದೆ. ಭಾರತವೂ ಸೇರಿದ್ದ ಪ್ರಾಮಿಸ್ ಅಧ್ಯಯನದಲ್ಲಿ ತಾಯಿಗೋ ಕೂಸಿಗೋ ಔಷಧಿ ನಡೀತಿದ್ದಾಗ 12 ತಿಂಗಳ ಹೊತ್ತಿಗೆ ಎದೆಹಾಲಿನಿಂದ ಸೋಂಕು ತಗುಲಿದ್ದು ಶೇ 0.6. ಸೊನ್ನೆ ಅಲ್ಲ, ಒಪ್ಪಿದೆ. ಆದ್ರೆ ಪುಡಿ ಹಾಲಿನ ರಿಸ್ಕೂ ಸೊನ್ನೆ ಅಲ್ಲವಲ್ಲ. 2006ರ ಆರಂಭದಲ್ಲಿ ಬೋಟ್ಸ್ವಾನಾದಲ್ಲಿ ಮಳೆ ಹೆಚ್ಚಾಗಿ ನೀರು ಕೆಟ್ಟಾಗ ಭೇದಿಯಿಂದ ಆಸ್ಪತ್ರೆ ಸೇರಿದ, ಸತ್ತ ಮಕ್ಕಳಲ್ಲಿ ಹೆಚ್ಚಿನವರು ಎದೆಹಾಲು ಕುಡಿಯದ ಮಕ್ಕಳು. ಅಲ್ಲಿ ಸರ್ಕಾರವೇ ಪುಡಿ ಹಾಲು ಪುಕ್ಕಟೆ ಕೊಡ್ತಿತ್ತು.

"ಕೊಳ್ಳೋ ಶಕ್ತಿ" ಅಂದ್ರೆ ಒಂದು ಡಬ್ಬದ ಲೆಕ್ಕ ಅಲ್ಲ. ಮೊದಲ 6 ತಿಂಗಳಿಗೆ ಸುಮಾರು 20 ಕೆಜಿ ಪುಡಿ ಬೇಕು, 500 ಗ್ರಾಂನ 40 ಡಬ್ಬ. ತಿಂಗಳ ಕೊನೆಯಲ್ಲಿ ಡಬ್ಬ ಖಾಲಿಯಾಗೋಕೆ ಬಂದಾಗ 30 ಎಂಎಲ್‌ಗೆ ಒಂದು ಚಮಚದ ಬದಲು 60 ಎಂಎಲ್‌ಗೆ ಒಂದು ಹಾಕೋಕೆ ಶುರು ಮಾಡ್ತಾರೆ. ಕೂಸು ಒಣಗೋದು ಹೀಗೇ.

ಇನ್ನು ನಮ್ಮ ಕಡೆ ನೀರು. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆ ಎಷ್ಟೋ ಬೋರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಗ್ರಾಂ ಮಿತಿ ದಾಟಿರುತ್ತೆ. ಕುದಿಸಿದ್ರೆ ರೋಗಾಣು ಸಾಯುತ್ತೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾದಷ್ಟೂ ಇನ್ನೂ ಗಟ್ಟಿಯಾಗುತ್ತೆ. ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದ ನೀರಲ್ಲಿ ಫ್ಲೋರೈಡ್ ಕಡಿಮೆ, ಆದ್ರೆ ಎರಡು ದಿನ ಮುಚ್ಚಳ ತೆಗೆದು ಹಾಕಿ ಲೋಟ ಅದ್ದಿದ ಕ್ಯಾನಿನ ನೀರನ್ನ ಮತ್ತೆ ಕುದಿಸಲೇಬೇಕು. ಕುದಿಸಿ ಅರ್ಧ ಗಂಟೆಯೊಳಗೆ, ಇನ್ನೂ ಬಿಸಿ ಇರುವಾಗಲೇ ಪುಡಿ ಕಲಸಿ, ಆರಿಸಿ, ಎರಡು ಗಂಟೆಯೊಳಗೆ ಕುಡಿಸಿ, ಉಳಿದದ್ದು ಚೆಲ್ಲಬೇಕು. ಇದು ದಿನಕ್ಕೆ ಎಂಟು ಸಲ, ರಾತ್ರಿ ಎರಡು ಗಂಟೆಗೂ. ತಾಯಿ ತೀರಿಕೊಂಡಿದ್ರೆ, ಎದೆಹಾಲು ಕೊಡೋಕೇ ಆಗದ ಕಾಯಿಲೆ ಇದ್ರೆ ಇದನ್ನೆಲ್ಲ ಕಲಿಸಿಯೇ ಕಲಿಸ್ತೀವಿ. ಇಲ್ಲಿ ಆ ಪರಿಸ್ಥಿತಿ ಇಲ್ಲ.

ಇವೆರಡರ ಮಧ್ಯದ ದಾರಿ ಇದೆಯಲ್ಲ, ಸ್ವಲ್ಪ ಎದೆಹಾಲು ಸ್ವಲ್ಪ ಮೇಲಿನ ಹಾಲು, ಅದೇ ಎಲ್ಲಕ್ಕಿಂತ ಕೆಟ್ಟದ್ದು. ಎಳೆಕೂಸಿನ ಕರುಳಿನ ಒಳಪದರ ಇನ್ನೂ ಬಲಿತಿರಲ್ಲ. ಹಸುವಿನ ಹಾಲು, ನೀರಿನ ರೋಗಾಣು ಅದನ್ನ ಕೆರಳಿಸಿ ಸಣ್ಣ ಸಣ್ಣ ಗಾಯ ಮಾಡುತ್ತೆ, ವೈರಸ್‌ಗೆ ಅಲ್ಲೇ ದಾರಿ. ಇತ್ತ ಎದೆ ಪೂರ್ತಿ ಖಾಲಿಯಾಗದೆ ಕಟ್ಟಿಕೊಂಡು ಊದಿದ್ರೆ ಹಾಲಿಗೆ ಇಳಿಯೋ ವೈರಸ್ ಕೂಡ ಹೆಚ್ಚುತ್ತೆ. ಡರ್ಬನ್‌ನಲ್ಲಿ ನಡೆದ, 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೊದಲ ಮೂರು ತಿಂಗಳು ಬರೀ ಎದೆಹಾಲು ಕುಡಿದ ಕೂಸುಗಳಿಗಿಂತ ಬೆರಕೆ ಉಂಡ ಕೂಸುಗಳಿಗೆ ಸೋಂಕು ಹೆಚ್ಚು ಕಂಡಿತ್ತು. ಅದು ತಾಯಂದಿರಿಗೆ ಎಆರ್‌ಟಿ ಇಲ್ಲದ ಕಾಲ ಅನ್ನೋದನ್ನ ಮರೀಬಾರದು. ಈಗ ತಾಯಿ ಮಾತ್ರೆ ಮೇಲಿದ್ದಾಳೆ, ಹಾಗಾಗಿ ನಾಲ್ಕು ಸಲ ಹಸುವಿನ ಹಾಲು ಬಿದ್ದಿದೆ ಅಂತ ಗಾಬರಿಯಾಗಿ ಎದೆಹಾಲು ಬಿಡಿಸಬೇಡಿ. ಮೇಲಿನ ಹಾಲನ್ನ ಬಿಡಿಸಿ.

ಅತ್ತೆ ವಿಷಯ. ರೋಗದ ಮಾತು ಅವರ ಮುಂದೆ ಎತ್ತಲೇಬೇಡಿ. ತಾಯಿಯ ಒಪ್ಪಿಗೆ ಇಲ್ಲದೆ ಹೇಳೋದು 2017ರ ಎಚ್‌ಐವಿ ಕಾಯ್ದೆಗೆ ವಿರುದ್ಧ, ಅದು 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಹೇಳೋ ಅಗತ್ಯವೂ ಇಲ್ಲ. ಆರು ತಿಂಗಳು ಬರೀ ಎದೆಹಾಲು ಅನ್ನೋದು ಎಲ್ಲ ಕೂಸಿಗೂ ಹೇಳೋ ಮಾತೇ. "ಅಮ್ಮಾ, ಕೂಸು ಎರಡೂವರೆ ಕೆಜಿಗಿಂತ ಸಣ್ಣದಿತ್ತು, ಇದರ ಕರುಳಿಗೆ ಹಸುವಿನ ಹಾಲು ತಡಿಯಲ್ಲ, ಡಾಕ್ಟರ್ ಬೇಡ ಅಂದಿದ್ದಾರೆ" ಅಂದ್ರೆ ಸಾಕು. ಕೋಟ್ರಿಮಾಕ್ಸಜೋಲ್ ಯಾಕೆ ಅಂದ್ರೆ, ಸಣ್ಣ ಕೂಸಿಗೆ ಎದೆ ಸೋಂಕು ಬರದಿರಲಿ ಅಂತ. ಅದು ಸುಳ್ಳೂ ಅಲ್ಲ. ಹಾಗೆ ನೋಡಿದ್ರೆ ನಮ್ಮ ಹಳ್ಳಿಗಳಲ್ಲಿ ಅನುಮಾನ ಹುಟ್ಟಿಸೋದು ಎದೆಹಾಲು ಕೊಡದ ಬಾಣಂತಿ, ಕೊಡೋಳಲ್ಲ. ಅತ್ತೆಗೆ ಒಂದು ಕೆಲಸ ಒಪ್ಪಿಸಿ: ಸೊಸೆಗೆ ಹೊತ್ತಿಗೆ ಸರಿಯಾಗಿ ಉಣ್ಣೋಕೆ ಹಾಕೋದು. ಬಾಣಂತಿ ಅಂತ ನೀರು ಕಡಿಮೆ, ಬೇಳೆ ಕಡಿಮೆ ಮಾಡಿ ಬರೀ ಅನ್ನ ಸಾರಿನ ಪಥ್ಯ ಇದ್ರೆ ಅದನ್ನ ನಿಲ್ಲಿಸಿ. ಅಂಗನವಾಡಿಯ ಮಾತೃಪೂರ್ಣ ಊಟ ಇವರಿಗೆ ಸಿಗಬೇಕಾದ್ದೇ.

ಜಗಳೂರು_ಆಶಾ

ತುಂಬ ಉಪಕಾರ ಆಯ್ತು. ಇವತ್ತು ಮನೆಗೆ ಹೋಗಿ ಕೂಸು ಕುಡಿಯೋದನ್ನ ನೋಡಿದೆ. ದಿನಕ್ಕೆ ಐದಾರು ಸಲ ಮಾತ್ರ ಎದೆಗೆ ಹಾಕ್ತಿದ್ದಾರೆ. ಎಡಗಡೆ ತೊಟ್ಟು ಸೀಳಿದೆ, ಒಂದು ಹನಿ ರಕ್ತ ಕೂಡ ಬಂತು, ಅದಕ್ಕೇ ನೋವು ಅಂತ ಕಡಿಮೆ ಮಾಡಿದ್ದಾರೆ. ಕೂಸಿನ ನಾಲಿಗೆ, ಕೆನ್ನೆ ಒಳಗೆ ಬೆಳ್ಳಗಿದೆ, ಒರೆಸಿದ್ರೆ ಹೋಗ್ತಿಲ್ಲ. ಇನ್ನೊಂದು, ಟಿಎಲ್‌ಡಿ, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಮೂರನ್ನೂ ರಾತ್ರಿ ಮಲಗೋ ಮುಂಚೆ ಒಂದೇ ಸಲ ಖಾಲಿ ಹೊಟ್ಟೇಲಿ ನುಂಗ್ತಿದ್ದಾರೆ. ನೆನಪಿಡೋಕೆ ಸುಲಭ ಅಂತೆ.

ದಾವಣಗೆರೆ_ಮಕ್ಕಳ_ಡಾಕ್ಟರ್

ಕೊನೆಯ ಸಾಲೇ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣ್ತಿದೆ. ಟಿಎಲ್‌ಡಿಯಲ್ಲಿರೋ ಡೊಲುಟೆಗ್ರಾವಿರ್ ಕ್ಯಾಲ್ಸಿಯಂ, ಕಬ್ಬಿಣ ಎರಡಕ್ಕೂ ಹೊಟ್ಟೆಯಲ್ಲೇ ಅಂಟಿಕೊಳ್ಳುತ್ತೆ, ರಕ್ತಕ್ಕೆ ಸರಿಯಾಗಿ ಸೇರಲ್ಲ. ಖಾಲಿ ಹೊಟ್ಟೆಯಲ್ಲಂತೂ ಇನ್ನೂ ಕಡಿಮೆ. ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ ಅಂತ ಕಾರ್ಡ್ ಹೇಳುತ್ತೆ, ಲೋಡ್ ಮಾತ್ರ ಮೇಲೇರಬಹುದು. ಕ್ಯಾಲ್ಸಿಯಂ, ಕಬ್ಬಿಣಕ್ಕಿಂತ 2 ಗಂಟೆ ಮುಂಚೆ, ಇಲ್ಲವೇ 6 ಗಂಟೆ ಆದಮೇಲೆ ಟಿಎಲ್‌ಡಿ. ನಡೆಸೋಕೆ ಸುಲಭ ಅಂದ್ರೆ ಹೀಗೆ: ಬೆಳಿಗ್ಗೆ 6ಕ್ಕೆ ಎದ್ದ ಕೂಡಲೇ ಟಿಎಲ್‌ಡಿ, ಎಂಟೂವರೆ ತಿಂಡಿ ಜೊತೆ ಕ್ಯಾಲ್ಸಿಯಂ, ಮಧ್ಯಾಹ್ನ ಊಟ ಆದಮೇಲೆ ಕಬ್ಬಿಣ, ರಾತ್ರಿ ಊಟಕ್ಕೆ ಇನ್ನೊಂದು ಕ್ಯಾಲ್ಸಿಯಂ. ಮಾತ್ರೆಗಳನ್ನ ಅವುಗಳ ಡಬ್ಬದಲ್ಲೇ ಇಡಲಿ. ಮನೆಯವರಿಗೆ ತಿಳಿಯಬಾರದು ಅಂದ್ರೆ ಮೇಲಿನ ಚೀಟಿ ಕೀಳಲಿ.

ಎಷ್ಟು ದಿನದಿಂದ ಹೀಗೆ ನುಂಗ್ತಿದ್ದಾರೆ ಅಂತ ಕೇಳಿ ಎಆರ್‌ಟಿ ಕೇಂದ್ರಕ್ಕೆ ಈ ವಾರವೇ ಕಳಿಸಿ. ದಾವಣಗೆರೆಗಾದ್ರೆ ಚಿಗಟೇರಿ ಆಸ್ಪತ್ರೆ, ದುರ್ಗ ಹತ್ತಿರ ಅಂದ್ರೆ ಅಲ್ಲಿನ ಜಿಲ್ಲಾ ಆಸ್ಪತ್ರೆ. ವೈರಲ್ ಲೋಡ್ ಮತ್ತೆ ಮಾಡಬೇಕು. ಫಲಿತಾಂಶ ಬರೋವರೆಗೆ ಕೂಸಿಗೆ ನೆವಿರಪಿನ್ ಮತ್ತೆ ಶುರು ಮಾಡೋದಾ ಅಂತ ಅಲ್ಲಿನ ವೈದ್ಯಾಧಿಕಾರಿಯೇ ಹೇಳಬೇಕು. 34ನೇ ವಾರದ ರಿಪೋರ್ಟ್ ತೋರಿಸಿ ಸುಮ್ಮನೆ ವಾಪಸ್ ಬರಬೇಡಿ, "ಕ್ಯಾಲ್ಸಿಯಂ ಜೊತೆ ತಗೊಳ್ತಿದ್ರು" ಅನ್ನೋದನ್ನ ಬಾಯಿಬಿಟ್ಟು ಹೇಳಿ.

ಬಾಯಿ ಬಿಳಿಯಾಗಿರೋದು ಫಂಗಸ್. ಕೂಸಿನ ಬಾಯಿಗೆ ಡ್ರಾಪ್ಸ್, ತಾಯಿಯ ತೊಟ್ಟಿಗೆ ಮುಲಾಮು, ಇಬ್ಬರಿಗೂ ಒಟ್ಟಿಗೇ ಮಾಡಬೇಕು. ಒಬ್ಬರಿಗೆ ಮಾಡಿದ್ರೆ ಮತ್ತೆ ಹತ್ತುತ್ತೆ. ಬಾಯಿ ಹುಣ್ಣಾದ ಕೂಸು ಕಡಿಮೆ ಕುಡಿಯುತ್ತೆ, ಹುಣ್ಣಿನ ಮೂಲಕ ವೈರಸ್ ಒಳಹೋಗೋದೂ ಸುಲಭ.

ರಕ್ತ ಬರೋ ಕಡೆ ಗಾಯ ಮಾಯುವವರೆಗೆ ಎದೆಗೆ ಹಾಕಬೇಡಿ. ಬಲಗಡೆಯಿಂದ ಕುಡಿಸಲಿ. ಎಡಗಡೆಯದನ್ನ ಎರಡು ಮೂರು ಗಂಟೆಗೊಮ್ಮೆ ಕೈಯಲ್ಲಿ ಹಿಂಡಿ ತೆಗೆಯಲೇಬೇಕು, ಇಲ್ಲಾಂದ್ರೆ ಕಟ್ಟಿಕೊಂಡು ಕೀವಾಗುತ್ತೆ. ರಕ್ತ, ಕೀವು ಬೆರೆತದ್ದನ್ನ ಚೆಲ್ಲಿ. ತಿಳಿಯಾಗಿ ಬಂದದ್ದನ್ನ ಬಿಸಿ ಮಾಡಿ ಒಳಲೆಯಲ್ಲಿ ಕೊಡಬಹುದು: 50ರಿಂದ 150 ಎಂಎಲ್ ಹಾಲನ್ನ ಗಾಜಿನ ಬಾಟ್ಲಿಗೆ ಹಾಕಿ, ಸಣ್ಣ ಪಾತ್ರೆಯ ನೀರಲ್ಲಿ ನಿಲ್ಲಿಸಿ. ನೀರು ಹಾಲಿನ ಮಟ್ಟಕ್ಕಿಂತ ಎರಡು ಬೆರಳು ಮೇಲಿರಲಿ. ಜೋರು ಉರಿಯಲ್ಲಿ ನೀರು ಕುದ್ದು ದೊಡ್ಡ ಗುಳ್ಳೆ ಏಳ್ತಿದ್ದ ಹಾಗೇ ಬಾಟ್ಲಿ ಹೊರತೆಗೆದು ಆರಿಸಿ. ವೈರಸ್ ಸಾಯುತ್ತೆ, ಹಾಲಿನ ಸತ್ವ ಬಹುಪಾಲು ಉಳಿಯುತ್ತೆ. ಹಾಲನ್ನ ನೇರ ಒಲೆ ಮೇಲಿಟ್ಟು ಕುದಿಸಬೇಡಿ. ಗಾಯ ಮಾಯೋ ನಾಲ್ಕೈದು ದಿನದ ಮಟ್ಟಿಗೆ ಈ ಉಪಾಯ.

ತೊಟ್ಟು ಸೀಳೋದಕ್ಕೆ ಸಾಮಾನ್ಯ ಕಾರಣ ಕೂಸು ಬರೀ ತೊಟ್ಟು ಕಚ್ಚಿರೋದು. ಬಾಯಿ ಅಗಲ ತೆರೆದಿರಬೇಕು, ಗದ್ದ ಎದೆಗೆ ತಾಗಿರಬೇಕು, ಕೆಳತುಟಿ ಹೊರಕ್ಕೆ ಮಡಚಿರಬೇಕು, ತೊಟ್ಟಿನ ಸುತ್ತಲ ಕಪ್ಪು ಭಾಗ ಕೂಸಿನ ಬಾಯಿಯ ಕೆಳಗಿಗಿಂತ ಮೇಲ್ಗಡೆ ಜಾಸ್ತಿ ಕಾಣಬೇಕು. ಸೊಂಟಕ್ಕೆ ದಿಂಬು ಕೊಟ್ಟು ಕೂರಿಸಿ, ಕೂಸನ್ನ ಎದೆಗೆ ತನ್ನಿ. ತಾಯಿ ಬಗ್ಗಿ ಎದೆಯನ್ನ ಕೂಸಿಗೆ ಕೊಡಬಾರದು.

24 ಗಂಟೆಯಲ್ಲಿ 8ರಿಂದ 12 ಸಲ ಕುಡಿಯಬೇಕು, ಅದರಲ್ಲಿ ಎರಡು ಮೂರು ಸಲ ರಾತ್ರಿ. ಒಂದು ಕಡೆ ಪೂರ್ತಿ ಖಾಲಿಯಾದಮೇಲೆ ಇನ್ನೊಂದು. ದಿನಕ್ಕೆ ಆರು ಸಲಕ್ಕಿಂತ ಹೆಚ್ಚು ಉಚ್ಚೆ ಹೋದ್ರೆ ಹಾಲು ಸಾಲ್ತಿದೆ. ನೀರು ಬೇಡ, ದುರ್ಗದ ಏಪ್ರಿಲ್ ಬಿಸಿಲಿನಲ್ಲೂ ಬೇಡ. ಔಷಧಿ, ವಿಟಮಿನ್ ಡಿ ಡ್ರಾಪ್ಸ್, ಭೇದಿಯಾದಾಗ ಒಆರ್‌ಎಸ್ ಕೊಟ್ರೆ "ಬರೀ ಎದೆಹಾಲು" ನಿಯಮ ಮುರಿಯಲ್ಲ.

ಕೂಸು ಕುಡಿಯೋದೇ ಬಿಟ್ರೆ, ನಿಮಿಷಕ್ಕೆ 50 ಅಥವಾ ಹೆಚ್ಚು ಸಲ ಉಸಿರಾಡಿದ್ರೆ, ಪಕ್ಕೆ ಒಳಗೆ ಎಳೆದ್ರೆ ಅದೇ ಹೊತ್ತು ಆಸ್ಪತ್ರೆ. ಎಚ್‌ಐವಿ ತಗುಲಿದ ಕೂಸಿಗೆ ಬರೋ ಕೆಟ್ಟ ನ್ಯುಮೋನಿಯಾ ಹೆಚ್ಚಾಗಿ 3ರಿಂದ 6 ತಿಂಗಳ ಒಳಗೆ ಬರುತ್ತೆ. ಕೋಟ್ರಿಮಾಕ್ಸಜೋಲ್ ಇರೋದೇ ಅದಕ್ಕೆ. ಡಿಬಿಎಸ್ ನೆಗೆಟಿವ್ ಬಂತು ಅಂತ ಅದನ್ನ ನಿಲ್ಲಿಸಬೇಡಿ, ತೂಕ 5 ಕೆಜಿ ದಾಟಿದಾಗ 5 ಎಂಎಲ್‌ಗೆ ಏರಿಸೋದನ್ನೂ ಮರೀಬೇಡಿ.

ಚಳ್ಳಕೆರೆ_ಲ್ಯಾಬ್

ಒಪ್ಪಿದೆ. ಒಂದು ಸೇರಿಸ್ತೀನಿ. 6ನೇ ವಾರದ ಡಿಬಿಎಸ್ ಅಲ್ಲಿವರೆಗಿನ ಕಥೆ ಮಾತ್ರ ಹೇಳುತ್ತೆ. ಎದೆಹಾಲು ನಡೀತಿರೋವರೆಗೆ ಪರೀಕ್ಷೆಯೂ ನಡೀತಿರಬೇಕು: 6 ತಿಂಗಳು, 12 ತಿಂಗಳು, ಎದೆಹಾಲು ಪೂರ್ತಿ ಬಿಟ್ಟು 6 ವಾರ ಆದಮೇಲೆ, ಕೊನೇದು 18 ತಿಂಗಳಿಗೆ. ಮಧ್ಯೆ ಹೀಗೆ ತೂಕ ನಿಂತ್ರೆ, ಬಾಯಿಯ ಬಿಳಿ ವಾಸಿಯಾಗದಿದ್ರೆ ತಾರೀಖು ಕಾಯದೆ ತೆಗೆಸಬಹುದು. 18 ತಿಂಗಳೊಳಗೆ ಯಾರಾದ್ರೂ ಬರೀ ರ‍್ಯಾಪಿಡ್ ಕಿಟ್‌ನಲ್ಲಿ ನೋಡಿ "ಪಾಸಿಟಿವ್" ಅಂದ್ರೆ ನಂಬಬೇಡಿ, ತಾಯಿಯಿಂದ ಬಂದ ಆಂಟಿಬಾಡಿ ಇರಬಹುದು.

ಹೊಸದುರ್ಗ_ಪೋಷಣೆ

ಮುಂದಿನದ್ದು ಈಗಲೇ ಬರೆದಿಡ್ತೀನಿ, ಆರು ತಿಂಗಳಿಗೆ ಬೇಕಾಗುತ್ತೆ. ಇಂಥ ಕೂಸುಗಳು ಸೋಂಕು ತಗುಲದಿದ್ರೂ ಉದ್ದದಲ್ಲಿ, ತೂಕದಲ್ಲಿ ಸ್ವಲ್ಪ ಹಿಂದೆ ಬೀಳೋದು ಹೆಚ್ಚು. ಅದಕ್ಕೇ 180 ದಿನ ತುಂಬಿದ ಮರುದಿನವೇ ಮೇಲಿನ ಊಟ ಶುರುವಾಗಲಿ. ಎದೆಹಾಲು ಅದರ ಜೊತೆಗೇ ಇರಲಿ.

ರಾಗಿ ಸರಿ ನಮ್ಮಲ್ಲಿ ಎಲ್ಲರೂ ಮಾಡ್ತಾರೆ, ಕೆಡೋದು ತೆಳುವಾಗಿ ಮಾಡೋದರಿಂದ. 7 ಕೆಜಿ ಕೂಸಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯೋದು 200 ಎಂಎಲ್, ಅದರಲ್ಲಿ ನೀರೇ ತುಂಬಿದ್ರೆ ಶಕ್ತಿಗೆ ಜಾಗ ಎಲ್ಲಿ? ಚಮಚ ಓರೆ ಮಾಡಿದ್ರೆ ಜಾರಿ ಬೀಳಬಾರದು, ಅಷ್ಟು ಗಟ್ಟಿ. ಗಟ್ಟಿ ಇದ್ದೂ ನುಂಗೋಕೆ ಸುಲಭ ಆಗಬೇಕಂದ್ರೆ ರಾಗಿ ಮೊಳಕೆ ಬರಿಸಿ: ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಒಂದೂವರೆ ದಿನ ಬಿಟ್ಟು, ಒಣಗಿಸಿ, ಹದವಾಗಿ ಹುರಿದು ಬೀಸಿಸಿ. ಮೂರು ಪಾಲು ರಾಗಿಗೆ ಒಂದು ಪಾಲು ಹುರಿದ ಹೆಸರುಬೇಳೆ. ಬೆಂದಮೇಲೆ ಒಂದು ಚಮಚ ತುಪ್ಪ ಅಥವಾ ಶೇಂಗಾ ಎಣ್ಣೆ. ವಾರದೊಳಗೆ ಮೊಟ್ಟೆಯ ಹಳದಿ, ಮೆತ್ತಗೆ ಬೆಂದ ಸೊಪ್ಪು ಬೇಳೆ. ಜೇನುತುಪ್ಪ ಒಂದು ವರ್ಷದವರೆಗೆ ಬೇಡ. ಮೊದಮೊದಲು ದಿನಕ್ಕೆ ಎರಡು ಮೂರು ಸಲ, 9 ತಿಂಗಳಿಂದ ಮೂರು ನಾಲ್ಕು ಸಲ, ಪ್ರತಿ ಸಲ ಅರ್ಧ ಬಟ್ಟಲು. ಕೂಸಿಗೆ ಸೋಂಕು ಇದೆ ಅಂತ ಗೊತ್ತಾದ್ರೆ ಆರೋಗ್ಯವಾಗಿದ್ದಾಗಲೂ ಶೇ 10ರಷ್ಟು ಹೆಚ್ಚು ಬೇಕು. ಕಾಯಿಲೆ ಬಿದ್ದಾಗ, ಎದ್ದಮೇಲೆ ಶೇ 20–30 ಹೆಚ್ಚು.

ಪರೀಕ್ಷೆ ನೆಗೆಟಿವ್ ಇರೋ ಕೂಸಿಗೆ ನ್ಯಾಕೋ ಪ್ರಕಾರ ಎದೆಹಾಲು 12 ತಿಂಗಳವರೆಗೆ, ಪಾಸಿಟಿವ್ ಕೂಸಿಗೆ ಎರಡು ವರ್ಷ. ಬಿಡಿಸೋದು ಒಂದು ತಿಂಗಳ ಕೆಲಸ. ಮೂರು ನಾಲ್ಕು ದಿನಕ್ಕೊಂದು ಹೊತ್ತು ಕಡಿಮೆ ಮಾಡ್ತಾ ಬರಲಿ, ರಾತ್ರಿಯದು ಕೊನೆಗೆ. ಬೇವಿನ ರಸ ಹಚ್ಚಿ ಒಂದೇ ದಿನಕ್ಕೆ ಬಿಡಿಸೋ ಪದ್ಧತಿ ಇಲ್ಲಿ ನಡೆಯಲ್ಲ. ಎದೆ ಕಟ್ಟಿ ಹಾಲಿನಲ್ಲಿ ವೈರಸ್ ಏರುತ್ತೆ, ಕೂಸು ಹಟ ಮಾಡಿತು ಅಂತ ಮೂರನೇ ದಿನ ಮತ್ತೆ ಎದೆಗೆ ಹಾಕ್ತಾರೆ, ಅಪಾಯದ ಹಾಲು ಅದೇ. ಬಿಡಿಸಿದ ಮೇಲೆ ದಿನಕ್ಕೆ ಕಾಯಿಸಿದ ಹಾಲು ಎರಡು ಲೋಟ, ಊಟ ಒಂದು ಸಲ ಜಾಸ್ತಿ.

ಜಗಳೂರು_ಆಶಾ

ಗಂಡನ ಜೊತೆ ಮಾತಾಡಿದ್ದೀನಿ, ಗುರುವಾರ ತಾಯಿ ಮಗು ಇಬ್ಬರನ್ನೂ ಚಿಗಟೇರಿ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರೆ. ಮಾತ್ರೆ ಹೊತ್ತು ಇವತ್ತೇ ಬದಲಾಯಿಸಿದ್ವಿ. ಪಿಎಚ್‌ಸಿಯ ಡಿಜಿಟಲ್ ತಕ್ಕಡಿಯಲ್ಲಿ ಬಟ್ಟೆ ಬಿಚ್ಚಿ ತೂಗಿದ್ರೆ 3.81 ಬಂತು. ಮುಂದಿನ ವಾರ ಅದೇ ತಕ್ಕಡಿ ತೂಕ ಇಲ್ಲೇ ಹಾಕ್ತೀನಿ.

ದಾವಣಗೆರೆ_ಮಕ್ಕಳ_ಡಾಕ್ಟರ್

3.95 ಮೇಲೆ ಬಂದ್ರೆ ಹಾಗೇ ಮುಂದುವರಿಸಿ. 3.9 ಒಳಗೇ ಇದ್ರೆ ಇನ್ನೊಂದು ವಾರ ನೋಡೋಣ ಅನ್ನಬೇಡಿ, ಕೂಸನ್ನ ಅಡ್ಮಿಟ್ ಮಾಡಿ ಕುಡಿಯೋದನ್ನ ಎದುರೇ ನೋಡಬೇಕಾಗುತ್ತೆ. ಮಧ್ಯದಲ್ಲಿ ಬಂದ್ರೆ ಎರಡು ದಿನ ಬಿಟ್ಟು ಮತ್ತೆ ತೂಗಿ ಹಾಕಿ. ಗುರುವಾರ ಹೋಗುವಾಗ ತಾಯಿ ಕಾರ್ಡ್, ಡಿಬಿಎಸ್ ಚೀಟಿ, ಎಆರ್‌ಟಿ ಹಸಿರು ಪುಸ್ತಕದ ಜೊತೆ ಮನೆಯಲ್ಲಿರೋ ಎಲ್ಲ ಮಾತ್ರೆ ಡಬ್ಬ, ಸಿರಪ್ ಬಾಟ್ಲಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಲಿ.